ಹಂಪಿಗೆ ಎರಡು ಕ್ಯಾಮೆರಾ: ಜೂಮ್ ಮುಖ್ಯಾನಾ, ಮೆಗಾಪಿಕ್ಸೆಲ್ ಮುಖ್ಯಾನಾ?

ಟ್ರಿಪ್‌ಗೆ ಒಂದು ಪುಟ್ಟ ಕ್ಯಾಮೆರಾ ತಗೋಬೇಕು ಅಂತ ಆಫೀಸಿನ ಕ್ಯಾಂಟೀನ್‌ನಲ್ಲಿ ಒಮ್ಮೆ ಬಾಯಿಬಿಟ್ಟು ನೋಡಿ. ಕಾಫಿ ಆರೋದ್ರೊಳಗೆ ಮೂರು ಪಕ್ಷ ಆಗಿರುತ್ತೆ. ಒಂದು ಪಕ್ಷ "ಮೆಗಾಪಿಕ್ಸೆಲ್ ನೋಡಿ ತಗೋ" ಅನ್ನುತ್ತೆ. ಇನ್ನೊಂದು "ಜೂಮ್ ನೋಡು" ಅನ್ನುತ್ತೆ. ಮೂರನೆಯದು "ಕೈಯಲ್ಲಿ ಫೋನ್ ಇದೆಯಲ್ಲ, ದುಡ್ಡು ಯಾಕೆ ದಂಡ?" ಅಂತ ಕೇಳುತ್ತೆ. ಕಾಫಿ ಮುಗಿಯುತ್ತೆ, ಮಾತು ಮುಗಿಯಲ್ಲ.

ನನಗೂ ಇದೇ ಗೊಂದಲ ಇತ್ತು. ಜೊತೆಗೆ ಒಂದು ಗಡುವೂ ಇತ್ತು.

ಅಪ್ಪ ಹರಿಹರದ ಕಡೆ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವರು. ವಿಜಯನಗರ ಸಾಮ್ರಾಜ್ಯದ ಪಾಠವನ್ನು ಎಷ್ಟು ಬ್ಯಾಚಿಗೆ ಮಾಡಿದ್ದಾರೋ ಅವರಿಗೇ ಲೆಕ್ಕವಿಲ್ಲ. ಶಾಲಾ ಪ್ರವಾಸದ ಬಸ್ಸಿನಲ್ಲಿ ಹಂಪಿಗೆ ಐದಾರು ಸಲ ಹೋಗಿದ್ದಾರೆ. ಆದರೆ ಪ್ರತಿ ಸಲವೂ ಅರವತ್ತು ಮಕ್ಕಳನ್ನು ಎಣಿಸೋದರಲ್ಲೇ ದಿನ ಮುಗಿದಿದೆ. "ಹಂಪಿ ತೋರ್ಸೀನಿ ತಮ್ಮಾ, ನೋಡಿಲ್ಲ" ಅನ್ನೋದು ಅವರ ಮಾತು.

ಹೋದ ವರ್ಷ ಅವರ ಕಣ್ಣಿನ ತೊಂದರೆ ಗೊತ್ತಾಯ್ತು. ರೆಟಿನಾದ ಮಧ್ಯಭಾಗ ಸವೆಯುತ್ತಿದೆ. ಪೂರ್ತಿ ಕತ್ತಲೆ ಆಗಲ್ಲ, ಅಂಚಿನ ನೋಟ ಉಳಿಯುತ್ತೆ, ಆದರೆ ಎದುರಿಗಿರೋದು ನಿಧಾನವಾಗಿ ಮಸುಕಾಗ್ತಾ ಹೋಗುತ್ತೆ ಅಂತ ಡಾಕ್ಟರು ಹೇಳಿದರು. ಪೇಪರನ್ನು ಭೂತಗನ್ನಡಿ ಹಿಡಿದು ಓದಬಹುದು. ಐವತ್ತು ಮೀಟರ್ ಎತ್ತರದ ಗೋಪುರಕ್ಕೆ ಭೂತಗನ್ನಡಿ ಹಿಡಿಯೋದು ಹೇಗೆ? ಮಂಡಿನೋವು ಬೇರೆ ಇದೆ, ಬೆಟ್ಟ ಹತ್ತೋ ಮಾತೇ ಇಲ್ಲ.

ಹಾಗಾಗಿ ನಾನು ಹುಡುಕುತ್ತಿದ್ದ ಕ್ಯಾಮೆರಾ ಫೋಟೊ ಹೊಡೆಯೋದಕ್ಕಿಂತ ಹೆಚ್ಚಾಗಿ ದೂರದ್ದನ್ನು ಅಪ್ಪನ ಕೈಗೆ ತಂದುಕೊಡಬೇಕಿತ್ತು. ಹೀಗೆ ಯೋಚನೆ ಮಾಡೋಕೆ ಶುರು ಮಾಡಿದ ಮೇಲೆ ಕ್ಯಾಂಟೀನಿನ ಜಗಳ ಬಹಳ ಬೇಗ ಬಗೆಹರಿಯಿತು.

ಕಾಗದದ ಮೇಲೆ ಅವಳಿ-ಜವಳಿ

ಬೆಂಗಳೂರಲ್ಲಿ ಕ್ಯಾಮೆರಾ ಬಾಡಿಗೆಗೆ ಸಿಗುತ್ತೆ. ಕೊಳ್ಳೋ ಮೊದಲು ಮೂರು ದಿನ ಬಾಡಿಗೆಗೆ ತಂದು ಬಳಸಿ ನೋಡೋದು ಒಳ್ಳೇದು ಅಂತ ಎರಡು ತಂದೆ. ಒಂದು ಕ್ಯಾನನ್ ಪವರ್‌ಶಾಟ್ ಎಸ್ಎಕ್ಸ್740. ಇನ್ನೊಂದು ಸೋನಿ ಆರ್‌ಎಕ್ಸ್100ರ ಏಳನೇ ಆವೃತ್ತಿ. ಎರಡೂ ಹೆಚ್ಚುಕಮ್ಮಿ 20 ಮೆಗಾಪಿಕ್ಸೆಲ್. ಎರಡರ ತೂಕವೂ ಸುಮಾರು 300 ಗ್ರಾಂ. ಜೇಬಿಗೆ ಹಾಕಿದರೆ ಯಾವುದು ಯಾವುದು ಅಂತ ಗೊತ್ತಾಗಲ್ಲ.

ವ್ಯತ್ಯಾಸ ಒಳಗಡೆ ಇದೆ. ಕ್ಯಾನನ್ನಿನದು 24ರಿಂದ 960 ಎಂಎಂವರೆಗೆ ಹೋಗುವ ಲೆನ್ಸ್, ಅಂದರೆ 40 ಪಟ್ಟು ಜೂಮ್. ಸೋನಿಯದು 24ರಿಂದ 200, ಅಂದರೆ ಎಂಟು ಪಟ್ಟು ಚಿಲ್ಲರೆ. ಆದರೆ ಬೆಳಕು ಹಿಡಿಯುವ ಸೆನ್ಸರ್ ಸೋನಿಯಲ್ಲಿ ಸುಮಾರು ನಾಲ್ಕು ಪಟ್ಟು ದೊಡ್ಡದು. ಬೆಲೆ ಎರಡು ಪಟ್ಟಿಗಿಂತಲೂ ಜಾಸ್ತಿ.

ಇಲ್ಲಿ ಒಂದು ವಿಷಯ ಗಮನಿಸಿ. ಡಬ್ಬದ ಮೇಲಿನ "20 ಮೆಗಾಪಿಕ್ಸೆಲ್" ಎರಡಕ್ಕೂ ಒಂದೇ. ಒಂದೇ ಎರಡು ಕೋಟಿ ಚುಕ್ಕಿಗಳನ್ನು ಒಂದು ಕಂಪನಿ ಸೈಟಿನಷ್ಟು ಜಾಗದಲ್ಲಿ ಇಟ್ಟಿದೆ, ಇನ್ನೊಂದು ಬಾತ್‌ರೂಮಿನಷ್ಟು ಜಾಗದಲ್ಲಿ ತುರುಕಿದೆ. ಹಾಗಾಗಿ ಮೆಗಾಪಿಕ್ಸೆಲ್ ಅಂಕೆ ಒಂದನ್ನೇ ನೋಡಿ ಕ್ಯಾಮೆರಾ ಕೊಳ್ಳೋದು, ರೂಮುಗಳ ಸಂಖ್ಯೆ ಮಾತ್ರ ಕೇಳಿ ಮನೆ ಬಾಡಿಗೆಗೆ ಹಿಡಿದ ಹಾಗೆ.

ಒಂದು ಚಿಕ್ಕ ಲೆಕ್ಕ

ನಾವು ಇಂಜಿನಿಯರುಗಳು, ಲೆಕ್ಕ ಹಾಕದೆ ನಿದ್ದೆ ಬರಲ್ಲ. ಹಂಪಿ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಮಲಗಿಕೊಂಡೇ ಇದನ್ನು ಹಾಕಿದೆ.

ನಿಮ್ಮಿಂದ 50 ಮೀಟರ್ ದೂರದಲ್ಲಿ ಒಂದು ಮೀಟರ್ ಅಗಲದ ಶಿಲ್ಪ ಇದೆ ಅಂದುಕೊಳ್ಳಿ. 24 ಎಂಎಂ ನೋಟದ 12 ಮೆಗಾಪಿಕ್ಸೆಲ್ ಫೋನಿನಲ್ಲಿ ತೆಗೆದರೆ ಚಿತ್ರದಲ್ಲಿ ಸುಮಾರು 72 ಮೀಟರ್ ಅಗಲದ ಜಾಗ ಕೂತಿರುತ್ತೆ. ಆ ಶಿಲ್ಪದ ಪಾಲಿಗೆ ಬರೋದು ಅಡ್ಡಲಾಗಿ ಬರೀ 55 ಚುಕ್ಕಿ. ವಾಟ್ಸಾಪ್ ಡಿಪಿಗೂ ಸಾಲಲ್ಲ.

"200 ಮೆಗಾಪಿಕ್ಸೆಲ್ ಫೋನ್ ತಗೋ" ಅಂತೀರಾ? ಚುಕ್ಕಿಗಳ ಒಟ್ಟು ಸಂಖ್ಯೆ ಹದಿನಾರು ಪಟ್ಟು ಆಯ್ತು. ಆದರೆ ಅಡ್ಡಕ್ಕೆ ನಾಲ್ಕು ಪಟ್ಟು, ಉದ್ದಕ್ಕೆ ನಾಲ್ಕು ಪಟ್ಟು ಅಷ್ಟೇ. ಶಿಲ್ಪಕ್ಕೆ ಸಿಗೋದು ಸುಮಾರು 225 ಚುಕ್ಕಿ. ಅದೂ ಪೂರ್ತಿ 200 ಮೋಡ್‌ನಲ್ಲಿ ತೆಗೆದರೆ ಮಾತ್ರ. ಸಾಮಾನ್ಯವಾಗಿ ಇಂಥ ಫೋನು ಹದಿನಾರು ಚುಕ್ಕಿ ಸೇರಿಸಿ ಒಂದು ಮಾಡಿ 12 ಚಿಲ್ಲರೆ ಮೆಗಾಪಿಕ್ಸೆಲ್ ಚಿತ್ರವನ್ನೇ ಕೈಗಿಡುತ್ತೆ.

ಈಗ ಸೋನಿಯಲ್ಲಿ 200 ಎಂಎಂಗೆ ಹೋಗಿ. ಚಿತ್ರದ ಅಗಲ 9 ಮೀಟರಿಗೆ ಇಳಿಯುತ್ತೆ, ಶಿಲ್ಪಕ್ಕೆ 600 ಚುಕ್ಕಿ. ಕ್ಯಾನನ್ನಿನಲ್ಲಿ 960 ಎಂಎಂಗೆ ಹೋದರೆ ಚಿತ್ರದ ಅಗಲ ಎರಡು ಮೀಟರಿಗಿಂತ ಕಮ್ಮಿ. ಶಿಲ್ಪಕ್ಕೆ 2800ಕ್ಕೂ ಹೆಚ್ಚು.

ರೆಸಲ್ಯೂಶನ್ ಎರಡರಷ್ಟು ಬೇಕಾದರೆ ಮೆಗಾಪಿಕ್ಸೆಲ್ ನಾಲ್ಕರಷ್ಟು ಬೇಕು. ಜೂಮ್ ಆದರೆ ಎರಡರಷ್ಟೇ ಸಾಕು. ದೂರದ ವಸ್ತುವಿನ ಮಟ್ಟಿಗೆ ಜೂಮ್ ಅನ್ನೋದು ಅಗ್ಗದ ರೆಸಲ್ಯೂಶನ್.

ಹಾಗಂತ 2800ನ್ನೂ ಹಾಗೇ ನಂಬಬೇಡಿ. ಅದಕ್ಕೆ ವಿರೂಪಾಕ್ಷ ದೇವಸ್ಥಾನದಲ್ಲೇ ಒಂದು ಪಾಠ ಇದೆ.

ಲೆನ್ಸ್ ಇಲ್ಲದ ಕ್ಯಾಮೆರಾ

ಗರ್ಭಗುಡಿಯ ಹಿಂಭಾಗದ ಒಂದು ಕತ್ತಲೆ ಜಾಗದಲ್ಲಿ, ಪುಟ್ಟ ಕಿಂಡಿಯಿಂದ ಬರುವ ಬೆಳಕು ಗೋಡೆಯ ಮೇಲೆ ರಾಜಗೋಪುರದ ತಲೆಕೆಳಗಾದ ನೆರಳನ್ನು ಮೂಡಿಸುತ್ತೆ. ಹಂಪಿಗೆ ಹೋದವರೆಲ್ಲ ನೋಡಿರ್ತೀರಿ. ಶಾಲೆಯಲ್ಲಿ ಓದಿದ ಸೂಜಿರಂಧ್ರ ಕ್ಯಾಮೆರಾ ಅಂದರೆ ಇದೇ. ಲೆನ್ಸೂ ಇಲ್ಲ, ಸೆನ್ಸರೂ ಇಲ್ಲ.

ಅಪ್ಪ ಅಲ್ಲಿ ಮೇಷ್ಟ್ರಾಗಿಬಿಟ್ಟರು. ಪಕ್ಕದಲ್ಲಿದ್ದ ಯಾರದೋ ಮಕ್ಕಳನ್ನೂ ಸೇರಿಸಿಕೊಂಡು, "ಕಿಂಡಿ ದೊಡ್ಡದು ಮಾಡಿದ್ರೆ ಏನಾಗ್ತೈತಿ?" ಅಂತ ಕೇಳಿದರು. ಬೆಳಕು ಜಾಸ್ತಿ ಬರುತ್ತೆ, ಚಿತ್ರ ಮಸುಕಾಗುತ್ತೆ. ಚಿಕ್ಕದು ಮಾಡಿದರೆ ಚಿತ್ರ ಚೂಪಾಗುತ್ತೆ, ಬೆಳಕು ಕಮ್ಮಿಯಾಗುತ್ತೆ. ತೀರಾ ಚಿಕ್ಕದು ಮಾಡಿದರೆ? ಆಗ ಬೆಳಕು ಕಿಂಡಿಯ ಅಂಚಿನಲ್ಲಿ ಬಾಗಿ ಹರಡಿಕೊಂಡು ಮತ್ತೆ ಮಸುಕಾಗುತ್ತೆ.

ಜೂಮ್ ಕ್ಯಾಮೆರಾದ ಕಥೆಯೂ ಇಷ್ಟೇ. ಕ್ಯಾನನ್ನಿನ ಲೆನ್ಸ್ ಹತ್ತಿರದ ನೋಟದಲ್ಲಿ ಎಫ್ 3.3. ಪೂರ್ತಿ ಜೂಮ್ ಮಾಡಿದಾಗ ಎಫ್ 6.9. ಅಂದರೆ ಬರುವ ಬೆಳಕು ನಾಲ್ಕನೇ ಒಂದು ಭಾಗಕ್ಕಿಂತಲೂ ಕಮ್ಮಿ. ಅದರ ಮೇಲೆ, ಆ ಕಿಂಡಿಯಲ್ಲಿ ಬೆಳಕು ಎಷ್ಟು ಹರಡುತ್ತೆ ಅಂದರೆ ಒಂದು ಬಿಂದು ಸೆನ್ಸರಿನ ಮೇಲೆ ಬೀಳುವಾಗ ಸುಮಾರು 9 ಮೈಕ್ರಾನ್ ಅಗಲದ ಬೊಟ್ಟಾಗಿರುತ್ತೆ. ಸೆನ್ಸರಿನ ಒಂದು ಚುಕ್ಕಿಯ ಅಗಲ ಬರೀ 1.2 ಮೈಕ್ರಾನ್. ಒಂದು ಬೊಟ್ಟು ಏಳೆಂಟು ಚುಕ್ಕಿಗಳ ಮೇಲೆ ಕೂತಿರುತ್ತೆ. ಅಲ್ಲಿ 20ರ ಬದಲು 40 ಮೆಗಾಪಿಕ್ಸೆಲ್ ಇಟ್ಟರೂ ಬೊಟ್ಟು ಚಿಕ್ಕದಾಗಲ್ಲ.

ಹಾಗಾಗಿ ಆ 2800 ಚುಕ್ಕಿಯಲ್ಲಿ ಮೂರನೇ ಒಂದು ಭಾಗದಷ್ಟು ವಿವರ ಮಾತ್ರ ನಿಜವಾದದ್ದು ಅಂತ ಇಟ್ಟುಕೊಂಡರೂ 900ರ ಮೇಲೆ ಬಂತು. ಸೋನಿಯ 600ಕ್ಕಿಂತ ಮುಂದೆ. ಆದರೆ ಕಾಗದದ ಮೇಲೆ ಕಂಡಷ್ಟು ಮುಂದೆ ಅಲ್ಲ.

ದೂರದ್ದು ಬಿಸಿಲಲ್ಲಿದೆ, ಕತ್ತಲಲ್ಲಿರೋದು ಹತ್ತಿರ ಇದೆ

ಬೆಳಗ್ಗೆ ಎಂಟಕ್ಕೆ ನಾವು ವಿರೂಪಾಕ್ಷ ಬಜಾರಿನಲ್ಲಿದ್ದೆವು. ಒಂಬತ್ತು ಅಂತಸ್ತಿನ ಗೋಪುರದ ಮೇಲೆ ಎಳೆ ಬಿಸಿಲು. ಕೆಳಗಿನ ಭಾಗ ಕಲ್ಲು, ಮೇಲಿನದು ಇಟ್ಟಿಗೆ ಗಾರೆ. ಆ ಗಾರೆಯಲ್ಲಿ ಮಾಡಿದ ಗೊಂಬೆಗಳು ಸಾಲು ಸಾಲಾಗಿವೆ. ನನ್ನ ಕಣ್ಣಿಗೇ ಮೇಲಿನ ನಾಲ್ಕು ಅಂತಸ್ತು ಬರೀ ಗಂಟುಗಂಟಾಗಿ ಕಾಣುತ್ತಿತ್ತು.

ಕ್ಯಾನನ್ನಿನಲ್ಲಿ ಜೂಮ್ ಮಾಡಿ ಅಪ್ಪನ ಕೈಗೆ ಕೊಟ್ಟೆ. ಬಿಸಿಲಿಗೆ ಸ್ಕ್ರೀನ್ ಕಾಣಲಿಲ್ಲ. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತಲೆ, ಕ್ಯಾಮೆರಾ ಎರಡರ ಮೇಲೂ ಹೊದ್ದುಕೊಂಡರು. ಹಿಂದಿನ ಕಾಲದ ಸ್ಟುಡಿಯೋ ಫೋಟೊಗ್ರಾಫರ್ ಕರಿಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ ಹಾಗೆ. ಸ್ವಲ್ಪ ಹೊತ್ತು ಟವೆಲ್ ಅಲ್ಲಾಡಲಿಲ್ಲ. ಆಮೇಲೆ ಒಳಗಿಂದ ದನಿ ಬಂತು: "ದ್ವಾರಪಾಲಕ. ಕೈಯಾಗ ಗದೆ ಐತಿ. ಅವನ ಬಾಜೂಕ ಒಂದು ಗಿಣಿ ಕುಂತೈತಿ ನೋಡು, ಖರೇದು, ಹಸರು."

ಗಿಣಿ ನಿಜವಾಗಿ ಇತ್ತು. ನಾನು ಬರಿಗಣ್ಣಲ್ಲಿ ಗಮನಿಸಿರಲಿಲ್ಲ.

ಸೋನಿಯಲ್ಲಿ ಕಣ್ಣಿಗೆ ಹಚ್ಚಿಕೊಂಡು ನೋಡುವ ವ್ಯೂಫೈಂಡರ್ ಇದೆ, ಬಿಸಿಲಲ್ಲಿ ಅನುಕೂಲ. ಆದರೆ ನೋಟದ ಮಧ್ಯಭಾಗವೇ ಮಸುಕಾಗಿರುವ ಅಪ್ಪನಿಗೆ ಆ ಪುಟ್ಟ ಕಿಟಕಿ ಹಿಡಿಸಲಿಲ್ಲ. ಸ್ಕ್ರೀನನ್ನು ಬೇಕಾದಷ್ಟು ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದು ನೋಡೋದೇ ಅವರಿಗೆ ಸಲೀಸು. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಅಂಗಡಿಯಲ್ಲಿ ಕ್ಯಾಮೆರಾವನ್ನು ಮೊದಲು ಅವರ ಕೈಗೇ ಕೊಡಿ.

ಒಳಗೆ ರಂಗಮಂಟಪಕ್ಕೆ ಬಂದೆವು. ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ್ದು, 1510ರ ಸುಮಾರಿನದು. ಅದರ ಚಾವಣಿಯಲ್ಲಿ ಬಣ್ಣದ ಚಿತ್ರಗಳಿವೆ: ಗಿರಿಜಾ ಕಲ್ಯಾಣ, ಮತ್ಸ್ಯಯಂತ್ರ ಭೇದಿಸುವ ಅರ್ಜುನ, ಪಲ್ಲಕ್ಕಿಯಲ್ಲಿ ವಿದ್ಯಾರಣ್ಯರ ಮೆರವಣಿಗೆ. ಇಲ್ಲಿ ಆಟ ತಿರುಗಿತು. ಮಂಟಪದೊಳಗೆ ಬೆಳಕು ಕಮ್ಮಿ. ಕ್ಯಾನನ್ನಿನಲ್ಲಿ ಜೂಮ್ ಮಾಡಿದಷ್ಟೂ ಚಿತ್ರದಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಸೋನಿಯ ದೊಡ್ಡ ಸೆನ್ಸರ್ ಅರ್ಜುನನ ಬಿಲ್ಲಿನ ಗೆರೆಯನ್ನೂ ತೆಳ್ಳಗೆ ಹಿಡಿಯಿತು. ಚಾವಣಿ ಕೆಲವೇ ಮೀಟರ್ ಮೇಲಿದೆ, ಎಂಟು ಪಟ್ಟು ಜೂಮ್ ಧಾರಾಳ ಸಾಕು.

ಆದರೆ ನನ್ನ ಮಧ್ಯಮ ದರ್ಜೆಯ ಫೋನೂ ಇದೇ ಕೆಲಸವನ್ನು ಹೆಚ್ಚುಕಮ್ಮಿ ಮಾಡಿತು. ನೈಟ್ ಮೋಡ್‌ನಲ್ಲಿ ಹಲವು ಚಿತ್ರ ತೆಗೆದು ಒಂದಕ್ಕೊಂದು ಬೆರೆಸಿ ಶುದ್ಧ ಮಾಡಿಕೊಟ್ಟಿತು. ಚಿತ್ರಕಲೆ ಎಲ್ಲಿಗೂ ಓಡಿಹೋಗಲ್ಲವಲ್ಲ, ನಿಂತ ವಸ್ತುವಿಗೆ ಈ ಉಪಾಯ ಚೆನ್ನಾಗಿ ನಡೆಯುತ್ತೆ.

ಹಂಪಿ ಸುತ್ತುತ್ತಾ ನನಗೆ ಸ್ಪಷ್ಟವಾದ ಸಂಗತಿ ಇದು. ನಮ್ಮ ದೇವಸ್ಥಾನ, ಕೋಟೆ, ಬೆಟ್ಟದ ಪ್ರವಾಸಗಳಲ್ಲಿ ದೂರ ಇರೋದು ಸಾಮಾನ್ಯವಾಗಿ ಬಯಲಲ್ಲಿ, ಬಿಸಿಲಲ್ಲಿ ಇರುತ್ತೆ. ಕತ್ತಲಲ್ಲಿ ಇರೋದು ಹತ್ತಿರ ಇರುತ್ತೆ. ಹತ್ತಿರದ್ದಕ್ಕೆ ಫೋನ್ ಇದೆ. ಫೋನಿಗೆ ಆಗದೇ ಇರೋದು ಉದ್ದದ ಗಾಜು. ಹೊಸದಾಗಿ ಕೊಳ್ಳುವ ಕ್ಯಾಮೆರಾ ಜೇಬಿನಲ್ಲಿರೋ ಫೋನಿನ ಕೆಲಸವನ್ನೇ ಸ್ವಲ್ಪ ಚೆನ್ನಾಗಿ ಮಾಡಿದರೆ ಪ್ರಯೋಜನ ಕಮ್ಮಿ. ಫೋನ್ ಕೈಚೆಲ್ಲುವ ಕಡೆ ಶುರುವಾಗಬೇಕು.

ಜೂಮ್ ಸೋಲುವ ಕಡೆ

ಜೂಮಿಗೆ ಮೂರು ಶತ್ರುಗಳು.

ಮೊದಲನೆಯದು ಕೈ ನಡುಕ. 960 ಎಂಎಂನಲ್ಲಿ ಉಸಿರಾಡಿದರೂ ಗೋಪುರ ಕುಣಿಯುತ್ತೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಕೆತ್ತನೆಯ ಕಂಬಕ್ಕೆ ಒರಗಬೇಡಿ. ನೆಲದ ಮೇಲೆ ಕೂತು ಮೊಣಕೈಯನ್ನು ಮಂಡಿ ಮೇಲಿಟ್ಟುಕೊಂಡರೆ ಸಾಕು. ಅಪ್ಪ ಹೀಗೇ ಕೂತು ನೋಡಿದರು, ಮಂಡಿಗೆ ಆಗಾಗ ಬೈದುಕೊಂಡು.

ಎರಡನೆಯದು ಬಿಸಿ ಗಾಳಿ. ಬೆಳಗ್ಗೆ ನದಿಯಾಚೆಯ ಅಂಜನಾದ್ರಿಯ ಬಿಳಿ ಗುಡಿ, ಮೇಲೆ ಹೋಗುವ ಮೆಟ್ಟಿಲ ಸಾಲು ಜೂಮ್‌ನಲ್ಲಿ ಚೊಕ್ಕವಾಗಿ ಕಂಡವು. 575 ಮೆಟ್ಟಿಲು. ಅಪ್ಪ ಹತ್ತಲಾರರು, ಆದರೆ ಹತ್ತುತ್ತಿರುವವರು ಎಲ್ಲೆಲ್ಲಿ ಏದುಸಿರು ಬಿಟ್ಟು ನಿಲ್ಲುತ್ತಾರೆ ಅಂತ ಎಲ್ಲಾ ವರದಿ ಕೊಟ್ಟರು. ಮಧ್ಯಾಹ್ನ ಒಂದು ಗಂಟೆಗೆ ಅದೇ ಗುಡಿ ಕುದಿಯುವ ನೀರಿನ ಹಿಂದಿದ್ದ ಹಾಗೆ ತೇಲುತ್ತಿತ್ತು. ಬಂಡೆಗಳು ಕಾದು ಗಾಳಿ ಮೇಲೇಳುವಾಗ ಎಷ್ಟು ದುಬಾರಿ ಲೆನ್ಸ್ ಆದರೂ ಅಷ್ಟೇ. ದೂರದ್ದನ್ನು ನೋಡೋದು ಹತ್ತು ಗಂಟೆಯೊಳಗೆ ಮುಗಿಸಿ.

ಮೂರನೆಯದು ಸಂಜೆ. ಹಂಪಿಗೆ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೋಗಿದ್ದೆವು. ವೀಕ್ಷಣಾ ಗೋಪುರದ ಮೇಲಿಂದ ಎದುರಿನ ಬಂಡೆಗುಡ್ಡಕ್ಕೆ ಬರುವ ಕರಡಿಗಳನ್ನು ನೋಡಬೇಕು. ಇಲ್ಲಿ ನನ್ನ ಸೂತ್ರ ನಡೆಯಲ್ಲ, ವಸ್ತು ದೂರವೂ ಹೌದು, ಬೆಳಕು ಕಮ್ಮಿಯೂ ಹೌದು. ಕರಡಿ ಬೇರೆ ಕಪ್ಪು. ನಾಲ್ಕೂವರೆಗೆ ಬಂದ ತಾಯಿ ಕರಡಿ, ಬೆನ್ನ ಮೇಲಿನ ಮರಿ ಎರಡೂ ಚೆನ್ನಾಗಿ ಸಿಕ್ಕವು. ಆರು ಗಂಟೆಗೆ ಬಂದದ್ದು ಕರಡಿಯೋ ಬಂಡೆಯೋ ಅಂತ ಫೋಟೊ ನೋಡಿ ಹೇಳೋಕಾಗಲ್ಲ. ನಿಮ್ಮ ಪ್ರವಾಸವೆಲ್ಲ ಸಂಜೆಯ ಸಫಾರಿಯೇ ಆಗಿದ್ದರೆ ಜೇಬಿನ ಕ್ಯಾಮೆರಾ ಯಾವುದೂ ಸಾಲದು, ದೊಡ್ಡ ಲೆನ್ಸನ್ನೇ ಹೊರಬೇಕು.

ಇನ್ನು ಹಜಾರ ರಾಮ ದೇವಸ್ಥಾನದಲ್ಲಿ ಎರಡೂ ಕ್ಯಾಮೆರಾ ಬ್ಯಾಗಿನಲ್ಲೇ ಉಳಿದವು. ಅಲ್ಲಿ ರಾಮಾಯಣದ ಸಾಲು ಕಣ್ಣಿನ ಎತ್ತರದಲ್ಲೇ ಇದೆ. ಅಪ್ಪ ಗೋಡೆಗೆ ಒಂದು ಅಡಿ ದೂರದಲ್ಲಿ ನಿಂತು, ಮುಖ ಸ್ವಲ್ಪ ಓರೆ ಮಾಡಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ನೋಡಿದರು. ನಾನು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಒಂದು ಗಂಟೆಯ ಮೇಲಾಯ್ತು. ಎಣಿಸೋಕೆ ಮಕ್ಕಳಿರಲಿಲ್ಲ.

ಹಾಗಾದರೆ ಮೆಗಾಪಿಕ್ಸೆಲ್ ಬೇಡ್ವಾ?

ಬೇಕು. ಎಷ್ಟು ಬೇಕು ಅನ್ನೋದು ನೀವು ಚಿತ್ರವನ್ನು ಎಲ್ಲಿ ನೋಡ್ತೀರಿ ಅನ್ನೋದರ ಮೇಲಿದೆ. ಫುಲ್ ಎಚ್‌ಡಿ ಟಿವಿಯಲ್ಲಿ ಇರೋದೇ ಸುಮಾರು 2 ಮೆಗಾಪಿಕ್ಸೆಲ್. 4ಕೆ ಟಿವಿಯಲ್ಲಿ 8 ಚಿಲ್ಲರೆ. 12ಕ್ಕೆ 8 ಇಂಚಿನ ಒಳ್ಳೆ ಪ್ರಿಂಟ್ ಹಾಕಿಸೋಕೆ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, 9 ಮೆಗಾಪಿಕ್ಸೆಲ್ಲಿಗಿಂತ ಕಮ್ಮಿ ಸಾಕು. ಇವತ್ತು ಹೊಸದಾಗಿ ಸಿಗುವ ಯಾವುದೇ ಒಳ್ಳೆ ಕ್ಯಾಮೆರಾ ಇದನ್ನು ದಾಟಿಯೇ ಇರುತ್ತೆ.

ಹೊಸಪೇಟೆಯ ಲಾಡ್ಜಿನಲ್ಲಿ ರಾತ್ರಿ ಎಚ್‌ಡಿಎಂಐ ಕೇಬಲ್ ಹಾಕಿ ಕ್ಯಾಮೆರಾವನ್ನು ಟಿವಿಗೆ ಸೇರಿಸಿದೆ. ಅಪ್ಪ ಕುರ್ಚಿಯನ್ನು ಟಿವಿಯ ಮೂಗಿಗೇ ಎಳೆದುಕೊಂಡು ಕೂತರು. ಬೆಳಗ್ಗೆ ಟವೆಲ್ಲಿನೊಳಗೆ ಮೂರು ಇಂಚಿನಲ್ಲಿ ಕಂಡ ದ್ವಾರಪಾಲಕ ಈಗ ಮೊಳದುದ್ದ. ಊಟ ಬಂದು ಆರಿತು.

ಊರಿಗೆ ಹೋಗುವಾಗ ಅವರು ಕೇಳಿದ್ದು ಪ್ರಿಂಟು. ಅವರು ಪ್ರಿಂಟ್ ನೋಡೋದು ಭೂತಗನ್ನಡಿ ಹಿಡಿದು. ಇಲ್ಲಿ ರೆಸಲ್ಯೂಶನ್ನಿಗೆ ನಿಜವಾದ ಕೆಲಸ ಬಿತ್ತು. ಗಾಜಿನ ಕೆಳಗೆ ಪೂರ್ತಿ ಜೂಮಿನ ಚಿತ್ರಗಳು ಸ್ವಲ್ಪ ಮೆತ್ತಗೆ ಕಂಡವು, ಅರ್ಧ ಜೂಮಿನಲ್ಲಿ ತೆಗೆದವು ಇನ್ನೂ ಗಟ್ಟಿಯಾಗಿದ್ದವು. ನೋಡೋಕೆ ಪೂರ್ತಿ ಜೂಮ್, ಪ್ರಿಂಟಿಗೆ ಅರ್ಧ ಜೂಮ್ ಅಂತ ಈಗ ಒಂದು ನಿಯಮ ಇಟ್ಟುಕೊಂಡಿದ್ದೇನೆ.

ಬಾಡಿಗೆ ಕ್ಯಾಮೆರಾ ವಾಪಸ್ ಕೊಟ್ಟ ವಾರದಲ್ಲೇ 40 ಪಟ್ಟಿನದನ್ನು ಕೊಂಡೆ. ಸೋನಿ ಚಿತ್ರದ ಗುಣಮಟ್ಟದಲ್ಲಿ ಮೇಲು, ಅದರಲ್ಲಿ ಎರಡು ಮಾತಿಲ್ಲ. ರಾತ್ರಿ ಬೀದಿ, ಮದುವೆ ಮನೆ, ಮನೆಯೊಳಗೆ ಓಡಾಡೋ ಮಕ್ಕಳು ನಿಮ್ಮ ವಿಷಯವಾಗಿದ್ದರೆ, ಬಜೆಟ್ಟೂ ಇದ್ದರೆ, ಅದನ್ನೇ ತಗೊಳ್ಳಿ. ಕೊಳ್ಳುವಾಗ ಡಬ್ಬದ ಮೇಲಿನ "ಇಷ್ಟು ಪಟ್ಟು" ಬಿಟ್ಟು ಎಂಎಂ ಲೆಕ್ಕ ಕೇಳಿ, ಡಿಜಿಟಲ್ ಜೂಮಿನ ಅಂಕೆಯನ್ನು ಪೂರ್ತಿ ಮರೆತುಬಿಡಿ. ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸೋದು, ಎರಡು ಪಟ್ಟು ಹಿಗ್ಗಿಸಿದರೆ ಕೈಗೆ ಉಳಿಯೋದು ನಾಲ್ಕನೇ ಒಂದು ಭಾಗದ ಚುಕ್ಕಿ.

ಎಲ್ಲಕ್ಕಿಂತ ಮೊದಲು ಒಂದು ಪಟ್ಟಿ ಮಾಡಿ. ಈ ಪ್ರವಾಸದಲ್ಲಿ ನೋಡಲೇಬೇಕಾದ ಐದು ವಸ್ತು ಯಾವುವು? ಅವು ನೀವು ನಿಲ್ಲೋ ಜಾಗದಿಂದ ಎಷ್ಟು ದೂರ? ಬೆಳಕಲ್ಲಿವೆಯಾ, ಕತ್ತಲಲ್ಲಿವೆಯಾ? ನಡೆದು ಹತ್ತಿರ ಹೋಗೋಕೆ ಆಗುತ್ತಾ? ಈ ಪಟ್ಟಿ ಮುಂದಿಟ್ಟುಕೊಂಡರೆ ಅಂಗಡಿಯವನು ಏನೇ ಹೇಳಿದರೂ ನಿಮಗೆ ಗಲಿಬಿಲಿ ಆಗಲ್ಲ.

ಅಪ್ಪ ತಮ್ಮ ಪಟ್ಟಿಯನ್ನು ಆಗಲೇ ಕಳಿಸಿದ್ದಾರೆ. ಸ್ಕೆಚ್ ಪೆನ್ನಿನಲ್ಲಿ ಬೆರಳುದ್ದದ ಅಕ್ಷರ, ಅಮ್ಮ ಫೋಟೊ ತೆಗೆದು ವಾಟ್ಸಾಪ್ ಮಾಡಿದ್ದು. ಬಾದಾಮಿ, ಮೂರನೇ ಗುಹೆ, 578ರ ಶಾಸನ, ಕಂಬದ ಮೇಲಿನ ಜೋಡಿಗಳು. ಅಗಸ್ತ್ಯ ತೀರ್ಥದ ಆಚೆ ದಡದ ಭೂತನಾಥ ಗುಡಿ. ಪಕ್ಕದಲ್ಲಿ "ದೂರ" ಅಂತ ಒಂದು ಕಾಲಂ ಎಳೆದು ಖಾಲಿ ಬಿಟ್ಟಿದ್ದಾರೆ. ಕೆಳಗೆ ಒಂದು ಸಾಲು: "ಮೀಟರ್ ಲೆಕ್ಕ ನೀ ತುಂಬು. ತಡ ಮಾಡಬ್ಯಾಡ."